ರಾಸ್ಪ್‌ಬೆರಿ ಇಲ್ಲದಿದ್ದರೇನು, ಹಿಪ್ಪುನೇರಳೆ ಇದೆಯಲ್ಲ!

ಬೇಸಿಗೆ ರಜೆ ಶುರುವಾಗಿ ಒಂದು ವಾರ ಕಳೆಯುವುದರೊಳಗೆ ಮಕ್ಕಳಿಗೆ ಮನೆಯಲ್ಲಿ ಕೂತು ಕೂತು ಬೇಸರ ಬಂದಿರುತ್ತದೆ. ಸುಡುಬಿಸಿಲಿನಲ್ಲಿ ಹೊರಗೆ ಬಿಡಲು ಅಮ್ಮಂದಿರಿಗೆ ಮನಸ್ಸಿಲ್ಲ. ಅಂಥ ಹೊತ್ತಿನಲ್ಲಿ ಟೀವಿಯಲ್ಲೋ, ಯಾವುದೋ ಇಂಗ್ಲಿಷ್ ಅಡುಗೆ ಪುಸ್ತಕದಲ್ಲೋ ಕಣ್ಣಿಗೆ ಬೀಳುತ್ತದೆ, ಗಾಜಿನ ಬಟ್ಟಲಿನಲ್ಲಿ ಗುಲಾಬಿ ಬಣ್ಣದ ಮೋಡದಂತೆ ಕೂತಿರುವ ತಣ್ಣನೆಯ ತಿನಿಸು. ಹೆಸರು ‘ಲೆಮನ್ ಅಂಡ್ ರಾಸ್ಪ್‌ಬೆರಿ ಮೂಸ್’. “ಅಮ್ಮಾ, ಇದನ್ನು ಮಾಡೋಣಮ್ಮಾ” ಎಂದು ಮಗಳು ಸಾಮಾನಿನ ಪಟ್ಟಿ ಬರೆದುಕೊಂಡು ಬರುತ್ತಾಳೆ. ರಾಸ್ಪ್‌ಬೆರಿ ಹಣ್ಣು, ನಿಂಬೆ, ಸಕ್ಕರೆ, ಜೆಲಟಿನ್, ವಿಪ್ಪಿಂಗ್ ಕ್ರೀಮ್, ನಾಲ್ಕು ಮೊಟ್ಟೆಯ ಬಿಳಿ.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂಥ ಊರಿನಲ್ಲಿ ಈ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ನಿಂಬೆ, ಸಕ್ಕರೆ, ಮೊಟ್ಟೆ ಸಿಗುವುದೇನೋ ನಿಜ. ಉಳಿದದ್ದಕ್ಕೆ ಅಂಗಡಿಯವರು ಮುಖ ನೋಡುತ್ತಾರೆ. ರಾಸ್ಪ್‌ಬೆರಿ ಬೇಕೆಂದರೆ ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಪೊಟ್ಟಣವನ್ನು ದುಬಾರಿ ಬೆಲೆ ತೆತ್ತು ತರಬೇಕು. ಜೆಲಟಿನ್ ತಯಾರಾಗುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ. ಅದನ್ನು ಒಳಗೆ ಬಿಟ್ಟುಕೊಳ್ಳದ ಅಡುಗೆಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇನ್ನು ಬೇಯಿಸದ ಮೊಟ್ಟೆಯನ್ನು ಮಕ್ಕಳಿಗೆ ತಿನ್ನಿಸುವುದೆಂದರೆ ಮೊಟ್ಟೆ ತಿನ್ನುವ ಮನೆಯವರೂ ಹಿಂದೆ ಮುಂದೆ ನೋಡುತ್ತಾರೆ, ನೋಡಲೂ ಬೇಕು. ಕೊನೆಗೆ ಪಟ್ಟಿ ಪುಸ್ತಕದೊಳಗೆ ಸೇರುತ್ತದೆ, ಲೋಟಕ್ಕೆ ಎಂದಿನ ಶರಬತ್ತು ಬರುತ್ತದೆ.

ಇಷ್ಟು ಬೇಗ ಕೈಚೆಲ್ಲಬೇಕಿಲ್ಲ. ಅಡುಗೆಯ ಪಟ್ಟಿಯಲ್ಲಿ ಇರುವ ಒಂದೊಂದು ವಸ್ತುವಿಗೂ ಒಂದೊಂದು ಕೆಲಸ ಇರುತ್ತದೆ. ಆ ಕೆಲಸ ಏನೆಂದು ತಿಳಿದುಕೊಂಡರೆ, ಅದೇ ಕೆಲಸ ಮಾಡುವ ಇನ್ನೊಂದು ವಸ್ತು ಹತ್ತಿರದಲ್ಲೇ ಎಲ್ಲೋ ಸಿಕ್ಕೀತು. ಜಡಿಗೇನಹಳ್ಳಿಯ ಮಟ್ಟಿಗಂತೂ ರಾಸ್ಪ್‌ಬೆರಿಯ ಬದಲಿ ಹುಡುಕಲು ಬಸ್ಸು ಹತ್ತಬೇಕಾದ ಅಗತ್ಯವೇ ಇಲ್ಲ.

ಹಲಸಿನ ನೆಂಟ

ಹೊಸಕೋಟೆ, ದೇವನಹಳ್ಳಿ, ಶಿಡ್ಲಘಟ್ಟ, ಕೋಲಾರ ಎಂದರೆ ರೇಷ್ಮೆಯ ಸೀಮೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬು ಇಲ್ಲಿನ ಹೊಲಗಳಿಗೆ ಹಿಪ್ಪುನೇರಳೆಯನ್ನು ತಂದಿತು. ಕೆಲವು ಕಡೆ ಇದನ್ನು ಕಂಬಳಿ ಗಿಡ ಎಂದೂ ಕರೆಯುತ್ತಾರೆ. ರೈತನ ಲೆಕ್ಕದಲ್ಲಿ ಈ ಗಿಡದ ಬೆಲೆಯೆಲ್ಲ ಸೊಪ್ಪಿನದು. ಸವರಿದ ಗಿಡ ಮತ್ತೆ ಚಿಗುರಿದಾಗ ರೆಂಬೆಯಲ್ಲಿ ಅಷ್ಟಿಷ್ಟು ಹಣ್ಣೂ ಕಾಣಿಸಿಕೊಳ್ಳುತ್ತದೆ. ಮೊದಲು ಹಸಿರು, ಆಮೇಲೆ ಕೆಂಪು, ಮಾಗಿದಾಗ ಕಪ್ಪೆನ್ನುವಷ್ಟು ನೇರಳೆ. ಹುಳುವಿಗೆ ಬೇಕಾದದ್ದು ಎಲೆ, ಆದ್ದರಿಂದ ಹಣ್ಣನ್ನು ಕೇಳುವವರಿಲ್ಲ. ಸೊಪ್ಪು ಕೊಯ್ಯಲು ಹೋದ ಮಕ್ಕಳ ಬಾಯಿಗೆ ಹೋದಷ್ಟು ಹೋಯಿತು, ಉಳಿದದ್ದು ಇರುವೆ, ಹಕ್ಕಿ, ಮಣ್ಣಿನ ಪಾಲು. ಮಾಗಿದ ಹಣ್ಣು ಬೆರಳಿಗೆ ಸಿಕ್ಕರೆ ಸಾಕು ಒಡೆದು ರಸ ಸೋರುತ್ತದೆ. ಬುಟ್ಟಿಯಲ್ಲಿ ಒಂದು ದಿನ ಇಟ್ಟರೆ ಕೆಟ್ಟಿತು. ಸಂತೆಗೆ ಅದು ಬಾರದಿರುವುದಕ್ಕೆ ಇದೂ ಒಂದು ಕಾರಣ. ಹೀಗಾಗಿ ರಾಸ್ಪ್‌ಬೆರಿಯನ್ನು ಚಿತ್ರದಲ್ಲಿ ನೋಡಿ ಬಾಯಿ ಚಪ್ಪರಿಸುವ ಮಕ್ಕಳಿಗೂ ತಮ್ಮದೇ ಹೊಲದ ಈ ಹಣ್ಣು ಬಟ್ಟಲಿಗೆ ಬರಬಹುದೆಂದು ತೋಚುವುದಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರೇ ಎನ್ನಬೇಕು, ಅಷ್ಟು ಹೋಲಿಕೆ. ಆದರೆ ಸಸ್ಯಶಾಸ್ತ್ರ ಬೇರೆಯದನ್ನೇ ಹೇಳುತ್ತದೆ. ರಾಸ್ಪ್‌ಬೆರಿ ಗುಲಾಬಿಯ ಕುಟುಂಬಕ್ಕೆ ಸೇರಿದ್ದು; ಅದರ ಒಂದು ಹಣ್ಣಿನ ಮಣಿಗಳೆಲ್ಲ ಒಂದೇ ಹೂವಿನಿಂದ ಆದವು. ಹಿಪ್ಪುನೇರಳೆಯ ಒಂದೊಂದು ಮಣಿಯೂ ಒಂದೊಂದು ಪುಟ್ಟ ಹೂವಿನ ಫಲ, ಹತ್ತಾರು ಹೂಗಳು ಕೂಡಿ ಒಂದು ಹಣ್ಣಾಗಿರುತ್ತವೆ. ಹಲಸಿನ ಹಣ್ಣು ಆಗುವುದೂ ಹೀಗೆಯೇ. ಹಲಸು, ಆಲ, ಅತ್ತಿ, ಹಿಪ್ಪುನೇರಳೆ ಎಲ್ಲವೂ ಒಂದೇ ಕುಟುಂಬ. ತೂಕದಲ್ಲಿ ಮಣಗಟ್ಟಲೆ ತೂಗುವ ಹಲಸಿಗೆ ಬೆರಳ ತುದಿಯಷ್ಟಿರುವ ಈ ನೆಂಟನನ್ನು ನೋಡಿದರೆ ನಗು ಬರುತ್ತದೆ.

ನಮ್ಮ ರಾಜ್ಯಕ್ಕೆ ರಾಸ್ಪ್‌ಬೆರಿ ತೀರ ಅಪರಿಚಿತವೇನಲ್ಲ ಎಂಬುದನ್ನೂ ಹೇಳಿಬಿಡಬೇಕು. ರೂಬಸ್ ನಿವಿಯಸ್ ಎಂಬ ಮುಳ್ಳುಪೊದೆಯ ಗಿಡಕ್ಕೆ ಇಂಗ್ಲಿಷಿನಲ್ಲಿ ‘ಮೈಸೂರು ರಾಸ್ಪ್‌ಬೆರಿ’ ಎಂದೇ ಹೆಸರು. ಹಿಮಾಲಯದ ತಪ್ಪಲಲ್ಲೂ ದಕ್ಷಿಣದ ಬೆಟ್ಟಗಳಲ್ಲೂ ಬೆಳೆಯುವ ಇದರ ಹಣ್ಣು ಕೆಂಪಲ್ಲ, ಕಡುನೇರಳೆ. ಇದು ದೂರದ ಗ್ಯಾಲಪಗೋಸ್ ದ್ವೀಪಗಳಿಗೆ ಹೋಗಿ ಅಲ್ಲಿನ ಮೂಲ ಸಸ್ಯಗಳನ್ನೇ ನುಂಗುವ ಕಳೆಯಾಗಿ ಕೂತಿದೆ. ಡಾರ್ವಿನ್ ನೋಡಿ ಬೆರಗಾದ ದ್ವೀಪಗಳಲ್ಲಿ ಮೈಸೂರಿನ ಹೆಸರು ಹೊತ್ತ ಗಿಡವೊಂದು ತಲೆನೋವಾಗಿರುವುದು ವಿಚಿತ್ರವಾದರೂ ನಿಜ. ಆದರೆ ಬಯಲುಸೀಮೆಯ ಜಡಿಗೇನಹಳ್ಳಿಗೆ ಅದೂ ದೂರವೇ. ಹಿಪ್ಪುನೇರಳೆಗೇ ಮರಳೋಣ.

ಹಣ್ಣು ಬಿಡಿಸುವ ಮುಂಚೆ ಒಂದು ಎಚ್ಚರಿಕೆ. ತೋಟಕ್ಕೆ ಔಷಧ ಹೊಡೆದಿದ್ದಾರೆಯೇ ಎಂದು ತೋಟದವರನ್ನು ಕೇಳಿಯೇ ಕೈ ಹಾಕಬೇಕು. ರೇಷ್ಮೆ ಹುಳು ಕೀಟನಾಶಕಕ್ಕೆ ಬಹಳ ಸೂಕ್ಷ್ಮ. ಹೊಡೆದ ಮೇಲೆ ಇಂತಿಷ್ಟು ದಿನ ಸೊಪ್ಪು ಕೊಯ್ಯಬಾರದೆಂಬುದು ಹುಳು ಸಾಕುವವರಿಗೆಲ್ಲ ಗೊತ್ತು. ಹುಳುವಿಗೆ ಆ ಸೊಪ್ಪನ್ನು ಇವತ್ತು ಧೈರ್ಯವಾಗಿ ಹಾಕುತ್ತಿದ್ದಾರೆಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹಾಗಿದ್ದರೂ ಹಣ್ಣನ್ನು ಎರಡು ನೀರಿನಲ್ಲಿ ತೊಳೆಯುವುದು ತಪ್ಪಬಾರದು.

ಗಾಳಿ ಮತ್ತು ಬಲೆ

ಮೂಸ್ ಎಂಬುದು ಫ್ರೆಂಚ್ ಮಾತು. ಅರ್ಥ ನೊರೆ, ಅಷ್ಟೇ. ಆಗತಾನೆ ಕರೆದ ಹಾಲಿನ ಮೇಲೆ ನಿಲ್ಲುವುದೂ ನೊರೆ, ಲೋಟದಿಂದ ಲೋಟಕ್ಕೆ ಎತ್ತಿ ಸುರಿದ ಕಾಫಿಯ ಮೇಲಿರುವುದೂ ನೊರೆ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ‘ಕಲಿಲ’ಗಳಲ್ಲಿ ಇದೂ ಒಂದು, ದ್ರವದೊಳಗೆ ಗಾಳಿ ಚದುರಿ ಸಿಕ್ಕಿಕೊಂಡಿರುವ ಸ್ಥಿತಿ. ಕಾಫಿಯ ನೊರೆ ಎರಡು ನಿಮಿಷದಲ್ಲಿ ಇಳಿದುಹೋಗುತ್ತದೆ, ಮೂಸ್‌ನ ನೊರೆ ಮರುದಿನವೂ ನಿಲ್ಲಬೇಕು. ಅದಕ್ಕೇ ಪಟ್ಟಿ ಅಷ್ಟು ಉದ್ದ. ಹಣ್ಣು ಮತ್ತು ನಿಂಬೆ ರುಚಿಗೆ. ಕ್ರೀಮು, ಮೊಟ್ಟೆಯ ಬಿಳಿ ಗಾಳಿ ತುಂಬುವುದಕ್ಕೆ. ಜೆಲಟಿನ್ ಆ ಗಾಳಿ ಓಡಿಹೋಗದಂತೆ ಹಿಡಿದಿಡುವ ಬಲೆ.

ಬಲೆಯಿಂದಲೇ ಶುರುಮಾಡಬಹುದು, ಏಕೆಂದರೆ ಅದರ ಹಿಂದೆ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಕಥೆಯಿದೆ. ಜೆಲಟಿನ್ನಿನ ಬದಲಿಗೆ ಬೇಕಾದದ್ದು ಕಿರಾಣಿ ಅಂಗಡಿಯಲ್ಲಿ ಒಣಹುಲ್ಲಿನ ಎಳೆಗಳಂತೆ ಪೊಟ್ಟಣದಲ್ಲಿ ಸಿಗುವ ಚೈನಾ ಗ್ರಾಸ್. ಹೆಸರಿನಲ್ಲಿ ಹುಲ್ಲಿದ್ದರೂ ಅದು ಹುಲ್ಲಲ್ಲ, ಕೆಂಪು ಜಾತಿಯ ಸಮುದ್ರಪಾಚಿಯ ಸಾರ. ಇನ್ನೊಂದು ಹೆಸರು ಅಗರ್ ಅಗರ್. ತಮಿಳುನಾಡಿನ ಮಂಡಪಂ, ರಾಮೇಶ್ವರದ ಕಡಲಲ್ಲಿ ಈ ಜಾತಿಯ ಪಾಚಿಯನ್ನು ಹೆಂಗಸರು ಮುಳುಗಿ ಕಿತ್ತು ತರುತ್ತಾರೆ.

1881ರ ಸುಮಾರಿಗೆ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುವ ಕೆಲಸ ನಡೆದಿತ್ತು. ಬೆಳೆಸಲು ಬಳಸುತ್ತಿದ್ದದ್ದು ಜೆಲಟಿನ್. ಬೇಸಿಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯ ಈ ಗೋಳಿನಲ್ಲಿದ್ದಾಗ ದಾರಿ ತೋರಿಸಿದವಳು ಹೆಂಡತಿ ಫ್ಯಾನಿ. ಅವಳು ಮಾಡುತ್ತಿದ್ದ ಹಣ್ಣಿನ ಜೆಲ್ಲಿ ಎಂಥ ಸೆಕೆಗೂ ಜಗ್ಗುತ್ತಿರಲಿಲ್ಲ. ಅದಕ್ಕೆ ಅವಳು ಹಾಕುತ್ತಿದ್ದದ್ದು ಅಗರ್. ಜಾವಾದಲ್ಲಿ ಇದ್ದು ಬಂದ ನೆರೆಯವರೊಬ್ಬರಿಂದ ಅವಳು ಚಿಕ್ಕಂದಿನಲ್ಲಿ ಕಲಿತ ಅಡುಗೆಯ ಗುಟ್ಟು ಅದು. 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾ ಕುರಿತು ಕಾಕ್ ಪ್ರಕಟಿಸಿದ ಬರಹದಲ್ಲಿ ಅಗರ್‌ನ ಪ್ರಸ್ತಾಪವಿದೆ, ಫ್ಯಾನಿಯ ಹೆಸರಿಲ್ಲ. ಇವತ್ತಿಗೂ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಗಂಟಲಿನ, ಮೂತ್ರದ ಮಾದರಿಯನ್ನು ಬೆಳೆಸುವುದು ಅಗರ್ ತಟ್ಟೆಗಳಲ್ಲೇ.

ಫ್ಯಾನಿಯ ಜೆಲ್ಲಿ ಕರಗದಿದ್ದುದೇಕೆ? ಜೆಲಟಿನ್ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಅಗರ್ ಹೆಪ್ಪುಗಟ್ಟುವುದೇ 35ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ; ಒಮ್ಮೆ ಗಟ್ಟಿಯಾಯಿತೆಂದರೆ ಮತ್ತೆ ಕರಗಲು 85 ಡಿಗ್ರಿ ದಾಟಬೇಕು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರುಗಳಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಫ್ರಿಜ್ ನಿಂತರೂ ಬಟ್ಟಲು ನೀರಾಗುವುದಿಲ್ಲ. ಹಸಿ ಅನಾನಸ್, ಪರಂಗಿ ಹಾಕಿದರೆ ಜೆಲಟಿನ್ ಹೆಪ್ಪುಗಟ್ಟದು, ಅವುಗಳ ಕಿಣ್ವ ಅದನ್ನು ಒಡೆದುಹಾಕುತ್ತದೆ. ಅಗರ್‌ಗೆ ಆ ಕಾಟವೂ ಇಲ್ಲ. ಒಂದು ಕೊರತೆ ಮಾತ್ರ ಒಪ್ಪಿಕೊಳ್ಳಬೇಕು. ಜೆಲಟಿನ್ ಹಾಕಿದ್ದು ನಾಲಗೆಯ ಬಿಸಿಗೇ ಕರಗಿ ಜಾರುತ್ತದೆ, ಅಗರ್ ಹಾಗೆ ಕರಗದು. ಕೈ ಮುಂದಾಗಿ ಹೆಚ್ಚು ಹಾಕಿದರೆ ಮೂಸ್ ಹೋಗಿ ರಬ್ಬರಾದೀತು.

ಬೆಣ್ಣೆಗೆ ಮೊದಲಿನ ನಿಲ್ದಾಣ

ಇನ್ನು ಗಾಳಿಯ ವಿಚಾರ. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವ ಮನೆಯವರಿಗೆ ಕ್ರೀಮು ಕಡೆಯುವುದನ್ನು ಬೇರೆಯಾಗಿ ಕಲಿಸಬೇಕಿಲ್ಲ. ತಣ್ಣನೆಯ ಕ್ರೀಮನ್ನು ಕಡೆದಾಗ ಒಳಗೆ ಗಾಳಿಗುಳ್ಳೆ ಸೇರುತ್ತದೆ, ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಆ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಅಲ್ಲಿಗೆ ನಿಲ್ಲಿಸಿದರೆ ಮೂಸ್‌ಗೆ ಬೇಕಾದ ಹಗುರ ಕ್ರೀಮು. ಮೈಮರೆತು ಇನ್ನೂ ಒಂದೆರಡು ನಿಮಿಷ ಕಡೆದರೆ ಗೋಡೆ ಕುಸಿದು ಕೊಬ್ಬೆಲ್ಲ ಮುದ್ದೆಯಾಗಿ ಬೆಣ್ಣೆ! ಬೆಣ್ಣೆಯ ದಾರಿಯಲ್ಲಿ ಒಂದು ನಿಲ್ದಾಣ ಮೊದಲೇ ಇಳಿಯಬೇಕು.

ಇದಕ್ಕೆ ಕ್ರೀಮಿನಲ್ಲಿ ಕೊಬ್ಬು ಕನಿಷ್ಠ ಶೇ 30 ಇರಬೇಕು, 35 ಇದ್ದರೆ ಒಳ್ಳೆಯದು. ಸಾರು, ಪಲ್ಯಕ್ಕೆಂದು ಸಣ್ಣ ಡಬ್ಬಿಗಳಲ್ಲಿ ಬರುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ 25ರಷ್ಟಿದ್ದು, ತೋಳು ನೋಯುವಂತೆ ಕಡೆದರೂ ನಿಲ್ಲುವುದಿಲ್ಲ. ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಬೇಕು. ಅಲ್ಲಿಯೂ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ: ಕೆಲವು ಹಾಲಿನದಲ್ಲ, ವನಸ್ಪತಿ ಕೊಬ್ಬಿನವು, ಸಕ್ಕರೆಯೂ ಮೊದಲೇ ಬೆರೆತಿರುತ್ತದೆ. ಕಾಯಿಸಿದ ಹಾಲಿನ ಕೆನೆ ಇದಕ್ಕಾಗದು.

ಕ್ರೀಮು ಅರ್ಧ, ಉಳಿದರ್ಧಕ್ಕೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಹಾಕುವುದು ನಮ್ಮ ಮನೆಗಳಿಗೆ ಹೊಂದುವ ಕ್ರಮ. ಖರ್ಚು ಕಡಿಮೆ ಎಂಬುದಷ್ಟೇ ಅಲ್ಲ. ಹಾಲಿಗೆ ನಿಂಬೆ ಹಿಂಡಿದರೆ ಒಡೆಯುತ್ತದೆಂದು ಯಾರಿಗೆ ಗೊತ್ತಿಲ್ಲ? ಮೊಸರು ಹುಳಿಗೆ ಹೆಪ್ಪಾಗಿಯೇ ಹುಟ್ಟಿದ್ದು, ನಿಂಬೆಗೆ ಅದು ಹೆದರುವುದಿಲ್ಲ.

ಮೊಟ್ಟೆಯ ಬಿಳಿಯನ್ನು ಪಟ್ಟಿಯಿಂದ ಹೊಡೆದುಹಾಕಿದರೂ ನಷ್ಟವಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ. ಬೇಯಿಸದೆ ತಿನ್ನುವ ತಿನಿಸಿನಲ್ಲಿ, ಅದೂ ಬೇಸಿಗೆಯಲ್ಲಿ, ಮಕ್ಕಳಿಗೂ ಗರ್ಭಿಣಿಯರಿಗೂ ವಯಸ್ಸಾದವರಿಗೂ ಅದು ಬೇಡವೇ ಬೇಡ. ಆದರೂ ಮೊಟ್ಟೆಯ ಬಿಳಿಯ ಹಾಗೆ ನೊರೆ ಬರುವುದು ಇನ್ನೇನಿದೆ ಎಂದು ಕುತೂಹಲ ಇರುವವರು ಕಾಬೂಲಿ ಕಡಲೆಯ ಕಟ್ಟನ್ನು ನೋಡಬಹುದು. ಬಸ್ಸಾರಿಗೆ ಕಾಳಿನ ಕಟ್ಟು ಬಸಿದುಕೊಳ್ಳುವವರಿಗೆ ಅದು ಹೊಸದೇನಲ್ಲ, ಆದರೆ ಅದನ್ನು ತಣ್ಣಗೆ ಮಾಡಿ ಕಡೆದರೆ ಹಿಮದಂತೆ ಉಬ್ಬುತ್ತದೆಂದು 2014ರಲ್ಲಿ ಜೋಯೆಲ್ ರೊಸ್ಸೆಲ್ ಎಂಬ ಫ್ರೆಂಚ್ ಗಾಯಕರೊಬ್ಬರು ಕಂಡುಕೊಂಡ ಮೇಲೆಯೇ ಅದು ಲೋಕಕ್ಕೆ ಪ್ರಸಿದ್ಧವಾದದ್ದು. ಉಪ್ಪು ಹಾಕದೆ ಬೇಯಿಸಿದ ಕಾಳನ್ನು ಅದೇ ನೀರಿನಲ್ಲಿ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಬಸಿದ ಕಟ್ಟು ನೀರುನೀರಾಗಿದ್ದರೆ ಕುದಿಸಿ ಇಂಗಿಸಿ ಆರಿಸಿ, ಅರ್ಧ ಲೋಟಕ್ಕೆ ನಾಲ್ಕು ಹನಿ ನಿಂಬೆ, ಮೂರು ಚಮಚ ಸಕ್ಕರೆ ಸೇರಿಸಿ ಕರೆಂಟಿನ ಬೀಟರಿನಲ್ಲಿ ಹತ್ತು ನಿಮಿಷ ಕಡೆಯಬೇಕು. ಕೈಯಲ್ಲಿ ಆಗುವ ಕೆಲಸವಲ್ಲ. ಪಾತ್ರೆಯಲ್ಲಿ ಎಣ್ಣೆಯ ಪಸೆ ಇದ್ದರೆ ನೊರೆ ಬರುವುದೇ ಇಲ್ಲ. ಕ್ರೀಮು ಸಿಗದ ದಿನ ಕ್ರೀಮಿನ ಜಾಗದಲ್ಲಿ ಇದನ್ನು ಬೆರೆಸಬಹುದು.

ಮಾಡುವ ಬಗೆ

ಎಂಟು ಸಣ್ಣ ಬಟ್ಟಲಿಗೆ ಬೇಕಾಗುವುದು: ಮಾಗಿದ ಹಿಪ್ಪುನೇರಳೆ 300 ಗ್ರಾಂ, ಸಕ್ಕರೆ 120 ಗ್ರಾಂ, ರಸಭರಿತ ನಿಂಬೆ 2, ಚೈನಾ ಗ್ರಾಸ್ 5 ಗ್ರಾಂ ಅಂದರೆ 10 ಗ್ರಾಂ ಪೊಟ್ಟಣದ ಅರ್ಧ, ಅದಕ್ಕೆ ನೀರು 200 ಮಿಲಿ, ವಿಪ್ಪಿಂಗ್ ಕ್ರೀಮು 200 ಮಿಲಿ, ಅರ್ಧ ಲೀಟರ್ ಮೊಸರು. ಸಿಹಿ ಬೆರೆತ ಕ್ರೀಮಾದರೆ ಸಕ್ಕರೆಯನ್ನು 80 ಗ್ರಾಮಿಗೆ ಇಳಿಸಿ.

ಮೊಸರನ್ನು ನಾಲ್ಕು ಗಂಟೆ ಮುಂಚೆಯೇ ತೆಳು ಬಟ್ಟೆಯಲ್ಲಿ ಕಟ್ಟಿ ತಂಪಾದ ಜಾಗದಲ್ಲಿ ನೇತುಹಾಕಿ. ಚೈನಾ ಗ್ರಾಸನ್ನು ಕತ್ತರಿಯಿಂದ ತುಂಡು ಮಾಡಿ ಅರ್ಧ ಗಂಟೆ ನೆನೆಸಿಡಿ. ಹಣ್ಣಿನ ಹಸಿರು ತೊಟ್ಟನ್ನು ಕತ್ತರಿಸುವುದು ಬೇಸರದ ಕೆಲಸವೇ. ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ಜನರನ್ನೂ ಕೂರಿಸಿಕೊಳ್ಳಿ. ಹಣ್ಣಿಗೆ ಸಕ್ಕರೆ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ, ಸೌಟಿನಿಂದ ಹಿಚುಕಿ ಜರಡಿಯಲ್ಲಿ ಸೋಸಿ.

ಒಲೆಯ ಮುಂದಿನ ಮುಂದಿನ ಹೆಜ್ಜೆ ದೊಡ್ಡವರದು. ನೆನೆದ ಚೈನಾ ಗ್ರಾಸನ್ನು ಅದೇ ನೀರಿನಲ್ಲಿ ಕುದಿಸಿ, ಸೌಟೆತ್ತಿ ನೋಡಿದರೆ ಒಂದೂ ಎಳೆ ಕಾಣದ ಹಾಗೆ ಕರಗಿಸಬೇಕು. ಐದರಿಂದ ಎಂಟು ನಿಮಿಷ ಹಿಡಿಯುತ್ತದೆ. ಅರೆಬರೆ ಕರಗಿದರೆ ಬಾಯಿಗೆ ದಾರದಂತೆ ಸಿಕ್ಕುತ್ತದೆ. ಇದನ್ನು ಬಿಸಿ ಇರುವಾಗಲೇ ಸೋಸಿ ಬೆಚ್ಚಗಿನ ಹಣ್ಣಿನ ತಿರುಳಿಗೆ ಕಲಸಿ. ನಿಂಬೆಯ ರಸ ಒಲೆಯಿಂದ ಇಳಿಸಿದ ಮೇಲೆಯೇ. ಹುಳಿಯೊಂದಿಗೆ ಕುದಿಸಿದರೆ ಅಗರ್ ಬಲ ಕಳೆದುಕೊಳ್ಳುತ್ತದೆ, ಎಷ್ಟು ಹೊತ್ತು ಫ್ರಿಜ್ಜಿನಲ್ಲಿಟ್ಟರೂ ತೆಳ್ಳಗೇ ಉಳಿಯುತ್ತದೆ. ರಾಸ್ಪ್‌ಬೆರಿಗೆ ಹುಟ್ಟಾ ಹುಳಿ ಇದೆ, ಹಿಪ್ಪುನೇರಳೆ ಬರೀ ಸಿಹಿ. ಆದ್ದರಿಂದ ನಿಂಬೆಗೆ ಇಲ್ಲಿ ಹೆಚ್ಚು ಕೆಲಸ. ರುಚಿ ನೋಡಿ ಇನ್ನರ್ಧ ಹಿಂಡಿದರೂ ಆದೀತು. ಸಿಪ್ಪೆ ತುರಿದು ಹಾಕುವುದಾದರೆ ಮೇಲಿನ ಬಣ್ಣವಷ್ಟೇ, ಒಳಗಿನ ಬಿಳಿ ಕಹಿ. ಇಂಗ್ಲಿಷ್ ಪುಸ್ತಕದ ಲೆಮನ್ ದಪ್ಪ ಸಿಪ್ಪೆಯ ಬೇರೆ ಜಾತಿಯ ಹಣ್ಣು, ನಮ್ಮ ತೆಳು ಸಿಪ್ಪೆಯ ನಿಂಬೆಯಲ್ಲ. ಅಲ್ಲಿ ಹೇಳಿದಷ್ಟು ಸಿಪ್ಪೆ ಇಲ್ಲಿಗೆ ಹೆಚ್ಚಾಯಿತು.

ನಿಂಬೆ ಬಿದ್ದ ಕ್ಷಣ ಮಕ್ಕಳನ್ನು ಹತ್ತಿರ ಕರೆಯಿರಿ. ಕಪ್ಪುನೇರಳೆ ಇದ್ದ ರಸ ಕಣ್ಣೆದುರೇ ಕೆಂಪಗಾಗುತ್ತದೆ. ಹಣ್ಣಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ-ಹಸಿರು. ಒಂದು ಚಮಚ ರಸವನ್ನು ಬೇರೆ ತೆಗೆದು ಚಿಟಿಕೆ ಅಡುಗೆ ಸೋಡ ಹಾಕಿ ತೋರಿಸಬಹುದು. ಶಾಲೆಯ ಲಿಟ್ಮಸ್ ಕಾಗದಕ್ಕಿಂತ ಚೆನ್ನಾಗಿ ಮನಸ್ಸಿನಲ್ಲಿ ಉಳಿಯುವ ಸೂಚಕ ಇದು. ಆ ಚಮಚವನ್ನು ಮಾತ್ರ ಚೆಲ್ಲಿಬಿಡಿ.

ಕ್ರೀಮನ್ನು ಐಸಿನ ಮೇಲಿಟ್ಟ ಪಾತ್ರೆಯಲ್ಲಿ, ಕಡ್ಡಿ ಎತ್ತಿದರೆ ಮೆತ್ತನೆ ತುದಿ ನಿಂತು ಬಾಗುವವರೆಗೆ ಕಡೆದಿಟ್ಟುಕೊಳ್ಳಿ. ಕಟ್ಟಿದ ಮೊಸರು ಫ್ರಿಜ್ಜಿನದಾಗಿರಬಾರದು, ಕೋಣೆಯ ಶಾಖದಲ್ಲಿರಲಿ. ಇಲ್ಲಿಂದ ಮುಂದೆ ತಡಮಾಡುವಂತಿಲ್ಲ, ಏಕೆಂದರೆ ಅಗರ್ ತಣಿಯುತ್ತಿದ್ದಂತೆಯೇ ಬಿಗಿಯತೊಡಗುತ್ತದೆ. ತಿರುಳು ಬೆರಳು ಅದ್ದಿದರೆ ಸಹಿಸುವಷ್ಟು ಬಿಸಿ ಇರುವಾಗ ಮೊಸರನ್ನು ಹಾಕಿ ಗಂಟಿಲ್ಲದಂತೆ ಬೆರೆಸಿ. ಕ್ರೀಮಿನಲ್ಲಿ ಮೂರನೇ ಒಂದು ಪಾಲನ್ನು ಮೊದಲು ಕಲಸಿ ಸಡಿಲ ಮಾಡಿಕೊಳ್ಳಿ. ಉಳಿದದ್ದನ್ನು ಕದಡಬಾರದು, ಸೌಟನ್ನು ತಳದಿಂದ ಮೇಲಕ್ಕೆ ಮಗುಚುತ್ತ ಹತ್ತಿಪ್ಪತ್ತು ಸಲದಲ್ಲಿ ಸೇರಿಸಿ, ಮೊದಲೇ ಜೋಡಿಸಿಟ್ಟ ಬಟ್ಟಲುಗಳಿಗೆ ಹಾಕಿಬಿಡಿ.

ಕ್ರೀಮು ಬೆರೆಸುವ ಮೊದಲೇ ತಿರುಳು ಹೆಪ್ಪುಗಟ್ಟಿತೆಂದು ಹೌಹಾರಬೇಡಿ. ಅದನ್ನು ಮಿಕ್ಸಿಗೆ ಹಾಕಿ ನುಣ್ಣಗೆ ತಿರುಗಿಸಿ ಆಮೇಲೆ ಕ್ರೀಮು ಮಗುಚಿದರಾಯಿತು, ಸ್ವಲ್ಪ ಮೆತ್ತಗೆ ಬರುತ್ತದೆ, ತಿನ್ನುವವರಿಗೆ ಗೊತ್ತಾಗುವುದಿಲ್ಲ. ಮಿಕ್ಸಿಯ ಜಾರಿನಲ್ಲಿ ಹಿಂದಿನ ದಿನದ ಚಟ್ನಿಯ ಬೆಳ್ಳುಳ್ಳಿ ವಾಸನೆ ಉಳಿದಿದ್ದರೆ ಮಾತ್ರ ಗೊತ್ತಾದೀತು. ಕ್ರೀಮು ಸೇರಿದ ಮೇಲೆ ಗಂಟುಗಟ್ಟಿದರೆ ಬಿಸಿ ಮಾಡಿ ಸರಿಪಡಿಸಲು ಹೋಗಬಾರದು. ಅಗರ್ ಕರಗುವ ಹೊತ್ತಿಗೆ ಕ್ರೀಮು ತುಪ್ಪವಾಗಿರುತ್ತದೆ. ಹಾಗೇ ತಿನ್ನಿ.

ಬಟ್ಟಲು ಅರ್ಧ ಗಂಟೆಯಲ್ಲಿ ಹೊರಗೇ ನಿಲ್ಲುತ್ತದೆ. ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟರೆ ತಂಪು ಹಿಡಿಯುತ್ತದೆ. ಹಾಲು ಮೊಸರಿನ ತಿನಿಸಾದ್ದರಿಂದ ಎರಡು ದಿನದೊಳಗೆ ಮುಗಿಸಬೇಕು. ಕರೆಂಟು ಅರ್ಧ ದಿನ ಹೋಗಿದ್ದರೆ ಆಕಾರ ಕೆಡದಿದ್ದರೂ ತಿನ್ನುವಂತಿಲ್ಲ. ತೊಟ್ಟು ತೆಗೆದ ಬೆರಳುಗಳ ಕಲೆಗೆ ಮೊದಲು ನಿಂಬೆ ಹೋಳು ಉಜ್ಜಿ, ಆಮೇಲೆ ಸೋಪು ಹಚ್ಚಿ. ಸೋಪನ್ನೇ ಮೊದಲು ಹಚ್ಚಿದ ಮಕ್ಕಳ ಕೈ ನೀಲಿಯಾಗುತ್ತದೆ. ಏಕೆಂದು ಅವರನ್ನೇ ಕೇಳಿ.